ಬೇಳೆ ಬೇಯಿಸುವ ನೀರು

ಪುಣೆಯ ಪಶ್ಚಿಮದ ಬಡಾವಣೆಗಳಲ್ಲಿ, ಅಂದರೆ ಹಿಂಜವಡಿ, ವಾಕಡ, ಬಾಣೇರ ಕಡೆ, ಮನೆ ಬಾಡಿಗೆಗೆ ಹಿಡಿಯುವ ಮುನ್ನ ನಮ್ಮಂಥವರು ಕೇಳುವ ಪ್ರಶ್ನೆ ಎರಡು. ಆಫೀಸಿಗೆ ಎಷ್ಟು ಹೊತ್ತು ಬೇಕು? ನೀರಿನ ಟಿಡಿಎಸ್ ಎಷ್ಟು? ಮೊದಲನೆಯದಕ್ಕೆ ಯಾವ ಏಜೆಂಟನೂ ನಿಜ ಹೇಳುವುದಿಲ್ಲ. ಎರಡನೆಯದಕ್ಕೆ ನಿಜವನ್ನೇ ಹೇಳಿದರೂ ಅದರಿಂದ ನಮಗೆ ತಿಳಿಯುವುದು ಕಡಿಮೆ. ಯಾಕೆ ಕಡಿಮೆ ಅನ್ನುವುದು ನನ್ನ ಮಟ್ಟಿಗೆ ಬರೀ ರಸಾಯನಶಾಸ್ತ್ರದ ಪ್ರಶ್ನೆಯಾಗಿ ಉಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಸೊಸೈಟಿಗೆ ಮೂರು ಕಡೆಯಿಂದ ನೀರು. ಪಾಲಿಕೆಯ ಪೈಪಿನದು ಸ್ವಲ್ಪ, ಬೋರಿನದು ಸ್ವಲ್ಪ, ಬೇಸಿಗೆಯಲ್ಲಿ ಟ್ಯಾಂಕರಿನದು ಬಹಳ. ಮೂರೂ ಒಂದೇ ನೆಲಟ್ಯಾಂಕಿಗೆ ಬೀಳುತ್ತವೆ. ಸಹ್ಯಾದ್ರಿಯ ಮಳೆನೀರು ನಿಂತ ಅಣೆಕಟ್ಟಿನ ನೀರು ಹೆಚ್ಚಿದ್ದ ದಿನ ಮೀಟರ್ 150 ತೋರಿಸುತ್ತದೆ. ಮೇ ತಿಂಗಳಲ್ಲಿ ಬೋರು, ಟ್ಯಾಂಕರು ಸೇರಿದಾಗ 600 ದಾಟುತ್ತದೆ. ಆ ಅಂಕಿಯ ಫೋಟೊ ವಾಟ್ಸಾಪ್ ಗುಂಪಿಗೆ ಬಂದ ಕೂಡಲೇ ಜಗಳ ಶುರು. ನಾವೆಲ್ಲ ಐಟಿ ಜನ. ಇಡೀ ಪ್ರಾಜೆಕ್ಟಿನ ಆರೋಗ್ಯವನ್ನು ಒಂದು ಹಸಿರು ಅಥವಾ ಕೆಂಪು ಚುಕ್ಕೆಯಲ್ಲಿ ತೋರಿಸಿ ಸಂಬಳ ಪಡೆಯುವವರು. ನೀರಿಗೂ ಒಂದೇ ಅಂಕಿ ಸಿಕ್ಕರೆ ಬಿಡುತ್ತೇವೆಯೇ?

ಆ ಮೀಟರ್ ಮಾಡುವ ಕೆಲಸ ಬಹಳ ಸರಳ. ಅದರ ತುದಿಯಲ್ಲಿ ಎರಡು ಲೋಹದ ಕಡ್ಡಿಗಳಿವೆ. ಅವುಗಳ ನಡುವೆ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ನೋಡಿ, ಆ ವಾಹಕತೆಯನ್ನು ಸಾಮಾನ್ಯವಾಗಿ 0.5ರಿಂದ 0.7ರ ನಡುವಿನ ಒಂದು ಸಂಖ್ಯೆಯಿಂದ ಗುಣಿಸಿ ಪರದೆಗೆ ಹಾಕುತ್ತದೆ. ಕರಗಿದ ವಸ್ತುವನ್ನು ಅದು ತೂಗುವುದಿಲ್ಲ, ಹೆಸರೂ ಕೇಳುವುದಿಲ್ಲ. ಒಂಬತ್ತನೇ ಕ್ಲಾಸಿನಲ್ಲಿರುವ ಮಗಳಿಗೆ ದ್ರಾವಣಗಳ ಪಾಠ ನಡೆದಿತ್ತು. ಇಬ್ಬರೂ ಅಡುಗೆಮನೆಯಲ್ಲಿ ಕೂತು ನೋಡಿದೆವು. 200 ಮಿಲಿಲೀಟರ್ ಫಿಲ್ಟರ್ ನೀರಿಗೆ ಒಂದು ಗ್ರಾಂ ಉಪ್ಪು, ಅಂದರೆ ಲೀಟರಿಗೆ 5000 ಮಿಲಿಗ್ರಾಂ ಲೆಕ್ಕ. ಮೀಟರಿನ ಅಂಕಿ ಸಾವಿರಗಳಿಗೆ ಹಾರಿತು. ಇನ್ನೊಂದು ಲೋಟಕ್ಕೆ ಎರಡು ಚಮಚ ಸಕ್ಕರೆ ಹಾಕಿ ಕರಗಿಸಿದೆವು. ಅಂಕಿ ಇದ್ದಲ್ಲೇ ಇತ್ತು. ಸಕ್ಕರೆ ಕರಗಿದರೂ ಅಯಾನುಗಳಾಗಿ ಒಡೆಯುವುದಿಲ್ಲ, ವಿದ್ಯುತ್ ಒಯ್ಯುವುದಿಲ್ಲ. ಪಾನಕದಂಥ ನೀರನ್ನೂ ಮೀಟರ್ ಪರಿಶುದ್ಧ ಎಂದಿತು. ಮಗಳು ನಕ್ಕಳು. "ಅಪ್ಪ, ಇದಕ್ಕೆ ನಾಲಿಗೆ ಇಲ್ಲ."

ನಾಲಿಗೆಯಷ್ಟೇ ಅಲ್ಲ, ಕಣ್ಣೂ ಇಲ್ಲ. 2025ರ ಜನವರಿಯಲ್ಲಿ ಇದೇ ಪುಣೆಯ ಸಿಂಹಗಡ ರಸ್ತೆಯ ಸುತ್ತಮುತ್ತ ಗಿಲನ್-ಬಾರೆ ಸಿಂಡ್ರೋಮ್ ಕಾಣಿಸಿಕೊಂಡಿತು. ಕೈಕಾಲಿನ ಶಕ್ತಿ ಕುಂದಿ ಜನ ಆಸ್ಪತ್ರೆ ಸೇರಿದರು. ಕೆಲವು ರೋಗಿಗಳ ಮಾದರಿಗಳಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು, ಸಂಶಯ ಕುಡಿಯುವ ನೀರಿನ ಮೇಲೆ ಬಂತು. ಆ ದಿನಗಳಲ್ಲೂ ನಮ್ಮ ಗುಂಪಿನಲ್ಲಿ ಓಡಾಡಿದ್ದು ಟಿಡಿಎಸ್ ಫೋಟೊಗಳೇ. ಬ್ಯಾಕ್ಟೀರಿಯಾಕ್ಕೂ ಟಿಡಿಎಸ್‌ಗೂ ಸಂಬಂಧವಿಲ್ಲ. ಆಗ ನೋಡಬೇಕಾಗಿದ್ದ ಅಂಕಿ ಬೇರೆ: ನಲ್ಲಿಯ ನೀರಿನಲ್ಲಿ ಉಳಿದಿರುವ ಕ್ಲೋರಿನ್. ಅದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು ಎನ್ನುತ್ತದೆ ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ, ಐಎಸ್ 10500. ನೂರಾರರ ಅಂಕಿಯ ಮುಂದೆ 0.2 ಅನ್ನುವುದು ಎಷ್ಟರದು ಅನ್ನಿಸುತ್ತದೆ. ಆದರೆ ಊರಿನ ಜೀವ ಆ ದಶಾಂಶದ ಮೇಲೆ ನಿಂತಿರುತ್ತದೆ.

ಮೀಟರಿನ ಈ ಕುರುಡನ್ನೇ ಬಂಡವಾಳ ಮಾಡಿಕೊಂಡ ವ್ಯಾಪಾರವೂ ಇದೆ. ಒಂದು ಭಾನುವಾರ ವಾಟರ್ ಪ್ಯೂರಿಫೈಯರ್ ಮಾರುವ ಹುಡುಗನೊಬ್ಬ ಬಂದು ಟೀಪಾಯಿಯ ಮೇಲೆ ಎರಡು ಲೋಟ ಇಟ್ಟ. ಒಂದರಲ್ಲಿ ನಮ್ಮ ನಲ್ಲಿಯ ನೀರು, ಇನ್ನೊಂದರಲ್ಲಿ ಅವನು ತಂದ ಆರ್‌ಓ ನೀರು. ಎರಡಕ್ಕೂ ಲೋಹದ ಕಡ್ಡಿಗಳನ್ನು ಇಳಿಬಿಟ್ಟು ಪ್ಲಗ್ ಹಾಕಿದ. ನಿಮಿಷದಲ್ಲಿ ನಮ್ಮ ನೀರು ಕಂದು ಬಣ್ಣಕ್ಕೆ ತಿರುಗಿ ಗಸಿ ಕಟ್ಟಿತು. ಅವನ ನೀರು ಹಾಗೇ ತಿಳಿಯಾಗಿತ್ತು. "ದೇಖಿಯೇ ಸರ್, ನೀವು ಕುಡಿಯುತ್ತಿರುವುದು ಇದನ್ನೇ" ಎಂದು ಹಿಂದಿಯಲ್ಲಿ ಹೇಳಿದ. "ಆ ಇನ್ನೊಂದು ಲೋಟಕ್ಕೂ ಒಂದು ಚಿಟಿಕೆ ಉಪ್ಪು ಹಾಕಿ ನೋಡೋಣ" ಎಂದೆ. ಹುಡುಗ ಒಂದು ಕ್ಷಣ ಸುಮ್ಮನಾದ. ಉಪ್ಪು ಬಿದ್ದ ಮೇಲೆ ಆ ಲೋಟವೂ ಕಂದಾಯಿತು. ಬಣ್ಣ ನೀರಿನೊಳಗಿಂದ ಬರುವುದಿಲ್ಲ, ಕಬ್ಬಿಣದ ಕಡ್ಡಿ ಕರಗಿ ತುಕ್ಕಾಗುವುದರಿಂದ ಬರುತ್ತದೆ. ಲವಣವಿಲ್ಲದ ನೀರಿನಲ್ಲಿ ವಿದ್ಯುತ್ ಹರಿಯದ ಕಾರಣ ಅಲ್ಲಿ ಕಡ್ಡಿ ಕರಗುವುದಿಲ್ಲ, ಅಷ್ಟೇ. ಅಷ್ಟರಲ್ಲಿ ನಾನು ಹೆಂಡತಿಯ ಜೊತೆ ಕನ್ನಡ ಮಾತಾಡಿದ್ದು ಕೇಳಿ ಅವನ ಮುಖ ಬದಲಾಯಿತು. ಸಾಂಗ್ಲಿ ಜಿಲ್ಲೆಯ ಜತ್ತ ಕಡೆಯವನಂತೆ. "ಸರ್, ನನಗೂ ಗೊತ್ತೈತ್ರೀ. ಆದ್ರ ತಿಂಗಳಿಗೆ ಇಷ್ಟು ಮಾರಬೇಕಂತ ಟಾರ್ಗೆಟ್ ಐತ್ರೀ" ಎಂದ. ಟಾರ್ಗೆಟ್ ಅನ್ನುವ ಶಬ್ದ ಕೇಳಿದ ಮೇಲೆ ನಾನು ಅವನಿಗೆ ಬೈಯುವ ಸ್ಥಿತಿಯಲ್ಲಿರಲಿಲ್ಲ. ಚಹಾ ಕುಡಿದು ಹೋದ.

ಆರ್‌ಓ ಯಂತ್ರ ಒಂದು ಲೀಟರ್ ನೀರು ಕೊಡಲು ಎರಡು-ಮೂರು ಲೀಟರ್ ಮೋರಿಗೆ ಬಿಡುವುದು ಮನೆಮನೆಯ ಅನುಭವ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಅದನ್ನು ನಿಷೇಧಿಸಬೇಕೆಂದು 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿದ್ದೂ ಅದಕ್ಕೇ. ಖಡಕವಾಸಲಾದ ನೀರೋ ಪವನಾದ ನೀರೋ ನೇರವಾಗಿ ಬರುವ ಮನೆಗೆ ಅದರ ಅಗತ್ಯ ಕಾಣುವುದಿಲ್ಲ. ಆದರೆ ಅದೇ ಯಂತ್ರ ಅಗತ್ಯವಿರುವ ಊರುಗಳೂ ಇವೆ. ನನ್ನದು ಅಂಥ ಊರು.

ನನ್ನೂರು ಕುಷ್ಟಗಿ ತಾಲೂಕಿನಲ್ಲಿದೆ. ಈಗ ಕೊಪ್ಪಳ ಜಿಲ್ಲೆ, ನಾನು ಹುಟ್ಟಿದಾಗ ರಾಯಚೂರು ಜಿಲ್ಲೆ. ಅವ್ವ ವರ್ಷಕ್ಕೊಮ್ಮೆ ಪುಣೆಗೆ ಬಂದು ಎರಡು ತಿಂಗಳು ಇರುತ್ತಾಳೆ. ಹೋದ ಬೇಸಿಗೆ ಬಂದ ಮರುದಿನವೇ ತಕರಾರು ಶುರುವಾಯಿತು. "ಇವೇನ್ ನೀರಪಾ, ಬ್ಯಾಳಿನ ಬೇಯವಲ್ದು. ಸಾಬಾಣ ನೊರಿ ಬರವಲ್ದು. ನಮ್ಮೂರ ನೀರು ನೋಡು, ಎರಡ ಕುದಿಗೆ ಬ್ಯಾಳಿ ಬೆಣ್ಣಿ ಆಗತೈತಿ." ಅವಳ ಪ್ರಕಾರ ನಮ್ಮೂರದು ಸಿಹಿನೀರು, ಪುಣೆಯದು ಸವಳು. ಸೊಸೆ ಕುಕ್ಕರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಹೊಂದಿಸಿಕೊಂಡಳು. ಅವ್ವ ಹೊಂದಿಕೊಳ್ಳಲಿಲ್ಲ.

ಅವ್ವನ ಪರೀಕ್ಷೆ ತಪ್ಪೇನಲ್ಲ. ಪುಣೆಯ ಕೆಳಗಿರುವುದು ದಖನ್ನಿನ ಕಪ್ಪು ಬಸಾಲ್ಟ್ ಕಲ್ಲು. ಮಣ್ಣಿನೊಳಗಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡ ಮಳೆನೀರು ಆ ಕಲ್ಲಿನೊಳಗೆ ಇಳಿಯುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಳ್ಳುತ್ತದೆ. ಅದೇ ಗಡಸು ನೀರು. ಬೇಳೆಯ ಕಣಗಳನ್ನು ಒಂದಕ್ಕೊಂದು ಅಂಟಿಸಿಡುವ ಪೆಕ್ಟಿನ್‌ಗೆ ಕ್ಯಾಲ್ಸಿಯಂ ಸಿಕ್ಕರೆ ಅದು ಬಿಗಿಯಾಗುತ್ತದೆ, ಬೇಳೆ ಒಡೆಯುವುದಿಲ್ಲ. ಸಾಬೂನು ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಗಸಿಯಾಗುತ್ತದೆ, ನೊರೆ ಬರುವುದಿಲ್ಲ. 19ನೇ ಶತಮಾನದಲ್ಲಿ ಬ್ರಿಟನ್ನಿನ ಥಾಮಸ್ ಕ್ಲಾರ್ಕ್ ನೀರಿನ ಗಡಸುತನ ಅಳೆಯಲು ಬಳಸಿದ್ದೂ ಸಾಬೂನಿನ ದ್ರಾವಣವನ್ನೇ: ಎಷ್ಟು ಹಾಕಿದ ಮೇಲೆ ನೊರೆ ನಿಲ್ಲುತ್ತದೆ ಎಂದು ಎಣಿಸುತ್ತಿದ್ದ. ಅವ್ವ ಹಿತ್ತಲ ಬಟ್ಟೆಕಲ್ಲಿನ ಮೇಲೆ ಮಾಡಿದ್ದು ಅದೇ ಪ್ರಯೋಗ.

ಹಾಗಾದರೆ ಅವ್ವನ ಸಿಹಿನೀರಿಗೆ ಏನಾಗಿದೆ? ಅದರ ದಾಖಲೆ ನನ್ನ ಬಾಯಲ್ಲಿದೆ. ನನ್ನ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿವೆ. ಕಾಲೇಜಿನಲ್ಲಿ ಗೆಳೆಯರು ಗುಟ್ಕಾ ಅಂದುಕೊಂಡಿದ್ದರು. ಇಲ್ಲಿಯ ದಂತವೈದ್ಯರು ಮಾತ್ರ ಒಂದೇ ನೋಟಕ್ಕೆ "ಸಣ್ಣವರಿದ್ದಾಗ ಯಾವ ಊರಲ್ಲಿದ್ದಿರಿ?" ಎಂದು ಕೇಳಿದರು. ಹಲ್ಲಿನ ಹೊರಕವಚ ರೂಪುಗೊಳ್ಳುವುದು ಸುಮಾರು ಎಂಟು ವರ್ಷದೊಳಗೆ. ಆ ಹೊತ್ತಿನಲ್ಲಿ ಕುಡಿದ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಗುರುತು ಉಳಿಯುತ್ತದೆ. ಆಮೇಲೆ ಯಾವ ಊರಿಗೆ ಹೋದರೂ, ಯಾವ ಡಿಗ್ರಿ ಪಡೆದರೂ ಅದು ಹೋಗುವುದಿಲ್ಲ. ನನಗಿಂತ ಒಂಬತ್ತು ವರ್ಷ ದೊಡ್ಡವನಾದ ಅಣ್ಣನ ಹಲ್ಲು ಬೆಳ್ಳಗಿವೆ. ಅವನು ಕುಡಿದು ಬೆಳೆದದ್ದು ಊರ ಬಾವಿಯ ನೀರು, ನಾನು ಬೋರಿನದು.

ಬೋರು ಬಂದದ್ದಕ್ಕೆ ಯಾರನ್ನೂ ದೂರುವಂತಿಲ್ಲ. ಮೆಟ್ಟಿಲಿಳಿದು ಕೊಡ ಮುಳುಗಿಸುವ ಆ ಬಾವಿಗಳಲ್ಲಿ ನಾರುಹುಣ್ಣಿನ ಹುಳವಿತ್ತು. ಕಾಲಿನಿಂದ ಗೇಣುಗಟ್ಟಲೆ ಉದ್ದದ ಹುಳವನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯುತ್ತಿದ್ದ ಕತೆಯನ್ನು ದೊಡ್ಡಪ್ಪ ಈಗಲೂ ಹೇಳುತ್ತಾರೆ. 1970ರ ದಶಕದ ಬರಗಾಲಗಳ ನಂತರ ಕೊಳವೆಬಾವಿ, ಕೈಪಂಪುಗಳು ಹಳ್ಳಿಹಳ್ಳಿಗೆ ಬಂದವು. ಆಗ ರೂಪುಗೊಂಡ ಇಂಡಿಯಾ ಮಾರ್ಕ್ 2 ಪಂಪಿನ ಮೂಲ ನಮ್ಮ ಗಡಿಯಾಚೆಯ ಸೊಲ್ಲಾಪುರದಲ್ಲಿ ತಯಾರಾಗುತ್ತಿದ್ದ ಪಂಪು. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು. ಅದರ ಹಿಂದೆ ಈ ಪಂಪುಗಳ ಪಾಲೂ ಇದೆ. ಆದರೆ ಪೈಪು ಇಳಿದದ್ದು ಗ್ರಾನೈಟಿನೊಳಗೆ. ಅಲ್ಲಿನ ನೀರು ಫ್ಲೋರೈಟ್, ಅಪಟೈಟ್‌ನಂಥ ಖನಿಜಗಳ ಪಕ್ಕ ವರ್ಷಗಟ್ಟಲೆ ಕೂತಿದ್ದು. ಫ್ಲೋರೋಸಿಸ್ ನಮ್ಮ ದೇಶಕ್ಕೆ ಹೊಸ ಸುದ್ದಿಯೂ ಅಲ್ಲ. 1937ರಲ್ಲೇ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಅದನ್ನು ಗುರುತಿಸಲಾಗಿತ್ತು.

ಇಲ್ಲಿ ಶಾಲೆಯ ಎರಡು ಶಬ್ದಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು. ಸಾರತೆ ಎಂದರೆ ಈ ದ್ರಾವಣದಲ್ಲಿ ಈಗ ಎಷ್ಟು ಕರಗಿದೆ ಎಂಬುದು. ವಿಲೀನತೆ ಎಂದರೆ ಈ ಸ್ಥಿತಿಯಲ್ಲಿ ಗರಿಷ್ಠ ಎಷ್ಟು ಕರಗಬಲ್ಲದು ಎಂಬುದು. 100 ಗ್ರಾಂ ನೀರಿಗೆ ಸುಮಾರು 36 ಗ್ರಾಂ ಉಪ್ಪು, ಸುಮಾರು 200 ಗ್ರಾಂ ಸಕ್ಕರೆ. ಅಲ್ಲಿಗೆ ದ್ರಾವಣ ಪರ್ಯಾಪ್ತ, ಮತ್ತೆ ಹಾಕಿದ್ದು ತಳದಲ್ಲಿ ಕೂರುತ್ತದೆ. ಪಾಠ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ, ಉಷ್ಣತೆ ಏರಿದರೆ ಮಿತಿ ಏರುತ್ತದೆ ಎಂಬ ಒಂದು ಸಾಲಿನೊಂದಿಗೆ. ಆದರೆ ನೆಲದಡಿಯ ನೀರಿನಲ್ಲಿ ಮಿತಿಯನ್ನು ನಿರ್ಧರಿಸುವುದು ಉಷ್ಣತೆಗಿಂತ ಹೆಚ್ಚಾಗಿ ಅಲ್ಲಿ ಮೊದಲೇ ಕರಗಿ ಕೂತವರು ಯಾರು ಅನ್ನುವುದು.

ಫ್ಲೋರೈಟ್ ಎಂದರೆ ಕ್ಯಾಲ್ಸಿಯಂ ಫ್ಲೋರೈಡ್. ಶುದ್ಧ ನೀರಿನಲ್ಲಿ ಅದು ಲೀಟರಿಗೆ ಸುಮಾರು 16 ಮಿಲಿಗ್ರಾಂ ಮಾತ್ರ ಕರಗುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಮೊದಲೇ ತುಂಬಿದ್ದರೆ ಅಷ್ಟೂ ಕರಗುವುದಿಲ್ಲ. ಪಿಯುಸಿಯಲ್ಲಿ ಸಮಾನ ಅಯಾನು ಪರಿಣಾಮ ಎಂದು ಓದಿದ್ದು ಇದನ್ನೇ. ವಿಲೀನತಾ ಗುಣಲಬ್ಧದಿಂದ ಲೆಕ್ಕ ಹಾಕಿ ನೋಡಿ: ಲೀಟರಿಗೆ 100 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಫ್ಲೋರೈಡ್ ಮಿತಿ ಸುಮಾರು 2 ಮಿಲಿಗ್ರಾಂ. ಕ್ಯಾಲ್ಸಿಯಂ 20ಕ್ಕೆ ಇಳಿದರೆ ಅದೇ ಮಿತಿ 5ಕ್ಕೆ ಏರುತ್ತದೆ. ಗ್ರಾನೈಟ್ ನಾಡಿನ ಕೆಲವು ಆಳದ ನೀರುಗಳಲ್ಲಿ ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಬೈಕಾರ್ಬೊನೇಟ್ ಹೆಚ್ಚು. ಅಂಥ ನೀರು ಮೆದು. ಸಾಬೂನು ನೊರೆಗಟ್ಟುತ್ತದೆ, ಬೇಳೆ ಬೆಣ್ಣೆಯಾಗುತ್ತದೆ, ಬಾಯಿಗೆ ಹಿತ. ಫ್ಲೋರೈಡಿಗೂ ಅಲ್ಲಿ ಹೆಚ್ಚು ಜಾಗ. ಎಲ್ಲ ಊರಿನಲ್ಲೂ ಹೀಗೇ ಎಂದಲ್ಲ. ಗಡಸೂ ಇದ್ದು ಫ್ಲೋರೈಡೂ ಇರುವ ನೀರುಗಳಿವೆ. ಆದರೆ ನಮ್ಮೂರಿನ ಮಟ್ಟಿಗೆ, ತಲೆಮಾರುಗಳಿಂದ ಒಳ್ಳೆಯ ನೀರನ್ನು ಆರಿಸಿಕೊಟ್ಟ ಪರೀಕ್ಷೆಯೇ ಈ ಬೋರನ್ನೂ ಆರಿಸಿಕೊಟ್ಟಿದೆ. ಪರೀಕ್ಷೆ ಬಾವಿಯ ಕಾಲದ್ದು. ಅದು ಉತ್ತರಿಸುವ ಪ್ರಶ್ನೆ ಗಡಸುತನದ್ದು, ಫ್ಲೋರೈಡಿನದಲ್ಲ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಆ ಪ್ರಮಾಣದಲ್ಲಿ ರುಚಿಯೂ ಇಲ್ಲ.

ಅವ್ವ ಊರಿಗೆ ಹೊರಟಾಗ ನಾನೂ ಜೊತೆಗೆ ಹೋದೆ. ಬರುವಾಗ ಎರಡು ಬಾಟಲಿ ತಂದೆ: ಒಂದು ನಮ್ಮ ಓಣಿಯ ಬೋರಿನದು, ಇನ್ನೊಂದು ಊರಿನ ಶುದ್ಧ ಕುಡಿಯುವ ನೀರಿನ ಘಟಕದ್ದು. ಅವುಗಳ ಜೊತೆ ಸೊಸೈಟಿಯ ಬೋರಿನ ನೀರನ್ನೂ ಸೇರಿಸಿ ಪರೀಕ್ಷೆಗೆ ಕೊಟ್ಟೆ. ವರದಿಯಲ್ಲಿ ಪುಣೆಯ ಬೋರಿನ ಟಿಡಿಎಸ್ 640, ಊರ ಬೋರಿನದು 620. ಮೀಟರಿನ ಕಣ್ಣಿಗೆ ಎರಡೂ ಅಣ್ಣತಮ್ಮ. ಒಳಗೆ ನೋಡಿದರೆ ಪುಣೆಯದರಲ್ಲಿ ಗಡಸುತನ 410, ಫ್ಲೋರೈಡ್ 0.3. ಊರಿನದರಲ್ಲಿ ಗಡಸುತನ 90, ಫ್ಲೋರೈಡ್ 2.8. ಮಾನದಂಡದ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. 620ರಲ್ಲಿ 2.8 ಎಂದರೆ ಅರ್ಧ ಶೇಕಡಕ್ಕಿಂತ ಕಡಿಮೆ. ಅಗ್ಗದ ಮೀಟರಿನ ಸಹಜ ಏರುಪೇರಿನಲ್ಲೇ ಅದು ಮುಚ್ಚಿಹೋಗುತ್ತದೆ. ಘಟಕದ ನೀರಿನಲ್ಲಿ 0.4 ಮಾತ್ರ. ಅಲ್ಲಿರುವುದೂ ಆರ್‌ಓ ಯಂತ್ರವೇ. ಜತ್ತದ ಹುಡುಗ ಮಾರಬೇಕಾದ ಊರು ಅದು, ಆದರೆ ಅಲ್ಲಿ ಟಾರ್ಗೆಟ್ ಮುಟ್ಟುವಷ್ಟು ದುಡ್ಡಿಲ್ಲ.

ವರದಿ ಬಂದ ಸಂಜೆ ಫೋನ್ ಮಾಡಿದೆ. ಅವ್ವ ಹೇಳಿದಳು: "ಕುಡಿಯಾಕ ಘಟಕದ್ದ ತರತೀವಲ್ಲೋ. ಅಡಿಗಿಗೆ ಅಷ್ಟ ಬೋರಿಂದು. ಘಟಕದ ನೀರು ಸಪ್ಪಗ, ಸಾರು ರುಚಿ ಆಗಂಗಿಲ್ಲ. ಹೆಂಗೂ ಕುದಸ್ತೀನಿ, ಏನಿದ್ರೂ ಸಾಯತೈತಿ." ಹುಳ ಸಾಯುತ್ತದೆ, ಲವಣ ಸಾಯುವುದಿಲ್ಲ. ಕುದಿಸಿದಾಗ ಹೋಗುವುದು ನೀರು, ಉಳಿಯುವುದು ಫ್ಲೋರೈಡ್. ಒಂದು ಲೀಟರ್ ಮುಕ್ಕಾಲು ಲೀಟರ್ ಆದರೆ 2.8 ಇದ್ದದ್ದು 3.7 ಆಗುತ್ತದೆ.

ಸಾರತೆಯೊಂದನ್ನೇ ನೋಡಿದರೂ ಸಾಲದು, ಎಷ್ಟು ಒಳಗೆ ಹೋಗುತ್ತದೆ ಎನ್ನುವುದೂ ಬೇಕು. ನಾವು ಹಲ್ಲುಜ್ಜುವ ಫ್ಲೋರೈಡ್ ಪೇಸ್ಟಿನಲ್ಲಿ ಅದು ಸುಮಾರು 1000 ಪಿಪಿಎಂ, ಊರ ನೀರಿಗಿಂತ ಮುನ್ನೂರು ಪಟ್ಟಿಗೂ ಹೆಚ್ಚು ಗಾಢ. ಆದರೆ ಬ್ರಷ್ಷಿನ ಮೇಲೆ ಹಾಕುವುದು ಕಾಲು ಗ್ರಾಂ, ಅದರಲ್ಲಿ ಫ್ಲೋರೈಡ್ ಕಾಲು ಮಿಲಿಗ್ರಾಂ, ಅದನ್ನೂ ಉಗುಳುತ್ತೇವೆ. ನೀರನ್ನು ಉಗುಳುವುದಿಲ್ಲ. ನಮ್ಮ ಕಡೆಯ ಬಿಸಿಲಿಗೆ ದಿನಕ್ಕೆ 3 ಲೀಟರ್ ಕುಡಿಯುತ್ತಾರೆ. ಅನ್ನ, ಸಾರು, ಚಹಾದಲ್ಲಿ ಇನ್ನೊಂದೂವರೆ ಲೀಟರ್ ಹೊಟ್ಟೆಗೆ ಹೋಗುತ್ತದೆ. ಎಲ್ಲವೂ ಬೋರಿನದಾದರೆ 4.5 ಗುಣಿಸು 2.8, ಅಂದರೆ 12.6 ಮಿಲಿಗ್ರಾಂ. ಕುಡಿಯಲು ಘಟಕದ್ದು, ಅಡುಗೆಗೆ ಬೋರಿನದಾದರೆ 1.2 ಕೂಡಿಸು 4.2, ಒಟ್ಟು 5.4. ಎರಡಕ್ಕೂ ಘಟಕದ್ದೇ ಆದರೆ 1.8. ದಿನಕ್ಕೆ ಸುಮಾರು 6 ಮಿಲಿಗ್ರಾಂ ದಾಟಿದರೆ ಮೂಳೆಗಳಿಗೆ ಅಪಾಯ ಹೆಚ್ಚುವ ಸೂಚನೆಗಳಿವೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪಕ್ಕದ ಮನೆಯ ಚಿಗವ್ವನಿಗೆ ಕುತ್ತಿಗೆ ಪೂರ್ತಿ ತಿರುಗುವುದಿಲ್ಲ. ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸುತ್ತಾಳೆ. ವಯಸ್ಸು ಎಂದು ಎಲ್ಲರೂ ಅಂದುಕೊಂಡಿದ್ದೇವೆ. ವಯಸ್ಸೂ ಇರಬಹುದು. ಅವಳು ನಲವತ್ತು ವರ್ಷ ಅದೇ ಬೋರಿನ ನೀರು ಕುಡಿದವಳು.

ಲೆಕ್ಕವನ್ನು ಅವ್ವನಿಗೆ ಮಿಲಿಗ್ರಾಮಿನಲ್ಲಿ ಹೇಳಿದರೆ ಪ್ರಯೋಜನವಿಲ್ಲ. ಕೊಡದಲ್ಲಿ ಹೇಳಿದೆ: "ಅಡಿಗಿ ನೀರಿನಾಗ ಹೋಗೂದು ಕುಡಿಯೂ ನೀರಿನಾಗ ಹೋಗೂದಕ್ಕಿಂತ ಮೂರೂವರಿ ಪಟ್ಟು ಆಗೈತಿ ಈಗ." ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದ ಪ್ರಶ್ನೆಗೆ ನನ್ನ ಎಂಟೆಕ್‌ನಲ್ಲಿ ಉತ್ತರವಿರಲಿಲ್ಲ: "ಕುಡಿಯಾಕ ಒಂದ ಕ್ಯಾನ್ ತರೂದ ಕಷ್ಟ ಆಗೈತಿ. ಇಪ್ಪತ್ತ ಲೀಟರ್ ಹೊತ್ತು ಇನ್ನೊಂದ ಸರ್ತೆ ಯಾರು ಬರತಾರ? ಘಟಕ ಕೆಟ್ಟ ದಿನ?"

ಅಲ್ಲಿಂದ ಮುಂದಿನದು ನನಗೆ ಗೊತ್ತಿರುವ ಕೆಲಸ, ಅಂದರೆ ಪ್ರಾಜೆಕ್ಟು. ಊರಿನಿಂದ ಹೊರಗಿರುವ ನಾವು ಎಂಟು ಜನ, ಪುಣೆ, ಬೆಂಗಳೂರು, ಒಬ್ಬ ಮಸ್ಕತ್, ಒಂದು ಗುಂಪು ಮಾಡಿದ್ದೇವೆ. ಓಣಿಯ ಹುಡುಗನೊಬ್ಬ ತನ್ನ ಟಂಟಂನಲ್ಲಿ ದಿನಾ ಬೆಳಿಗ್ಗೆ ಹದಿನಾಲ್ಕು ಮನೆಗೆ ಎರಡೆರಡು ಕ್ಯಾನ್ ಇಳಿಸುತ್ತಾನೆ, ತಿಂಗಳಿಗೆ ಅವನಿಗೆ ದುಡ್ಡು ಹೋಗುತ್ತದೆ. ಘಟಕದ ಪೊರೆ ಯಾವಾಗ ಬದಲಾಯಿಸಿದರು ಎಂದು ಪಂಚಾಯಿತಿಯವರನ್ನು ಕೇಳುವುದು ದೊಡ್ಡಪ್ಪನ ಪಾಲಿನ ಕೆಲಸ. ಪೊರೆ ಹಳತಾದರೆ ಘಟಕದ ನೀರೂ ಬೋರಿನ ನೀರಾಗುತ್ತದೆ, ಆದ್ದರಿಂದ ಆರು ತಿಂಗಳಿಗೊಮ್ಮೆ ಫ್ಲೋರೈಡ್ ಪರೀಕ್ಷೆಗೆ ಒಂದು ಬಾಟಲಿ. ಎಂಟು ವರ್ಷದೊಳಗಿನ ಮಕ್ಕಳಿರುವ ಐದು ಮನೆಗಳ ಹೆಸರು ಪಟ್ಟಿಯ ಮೇಲ್ಭಾಗದಲ್ಲಿದೆ; ಕ್ಯಾನ್ ಕಡಿಮೆ ಬಿದ್ದ ದಿನ ಮೊದಲು ಅವರಿಗೆ. ನಮ್ಮ ಮನೆಯ ಹೆಸರನ್ನು ಕೊನೆಗೆ ಬರೆಸಿದ್ದು ಅವ್ವನೇ. "ನಂದೇನ್ ಹಲ್ಲು ಹುಟ್ಟೂದೈತಿ ಇನ್ನ?" ಎಂದಳು.

ನಿಮ್ಮ ಊರೂ ಕೊಪ್ಪಳ, ಗದಗ, ರಾಯಚೂರು, ಪಾವಗಡದ ಕಡೆಯದಾದರೆ ಮುಂದಿನ ಸಲ ಹೋದಾಗ ಒಂದು ಲೀಟರ್ ಬಾಟಲಿ ಒಯ್ಯಿರಿ. ತೊಳೆದ ಪ್ಲಾಸ್ಟಿಕ್ ಬಾಟಲಿ ಸಾಕು. ಫ್ಲೋರೈಡ್ ಗಾಜಿಗೆ ಅಂಟುವ ಸ್ವಭಾವದ್ದು, ಪ್ಲಾಸ್ಟಿಕ್ಕೇ ಒಳ್ಳೆಯದು. ನೀರನ್ನು ಐದು ನಿಮಿಷ ಹರಿಯಬಿಟ್ಟು ಆಮೇಲೆ ತುಂಬಿ. ಯಾವ ಬೋರು, ಯಾವ ತಾರೀಖು ಎಂದು ಮೇಲೆ ಬರೆಯಿರಿ. ಕೊಡುವಾಗ ಟಿಡಿಎಸ್ ಮಾತ್ರ ನೋಡಿ ಎನ್ನಬೇಡಿ. ಫ್ಲೋರೈಡ್, ನೈಟ್ರೇಟ್, ಗಡಸುತನ ಎಂದು ಹೆಸರು ಹೇಳಿ ಕೇಳಿ. ಹೆಸರು ಹೇಳಿ ಕೇಳದಿದ್ದರೆ ನೀರು ಉತ್ತರ ಕೊಡುವುದಿಲ್ಲ.